ಮಡಚಲೊಲ್ಲದ ಚಾಕು

ಉತ್ತರ ಬೆಂಗಳೂರಿನಲ್ಲಿ ಯಾವನಾದರೂ ಗಂಡಸಿನ ಎಡ ಮುಂಗೈ ಮೇಲೆ ಎರಡು ಬೆರಳಗಲದ ಜಾಗ ಮಾತ್ರ ನುಣ್ಣಗೆ ಬೋಳಾಗಿದ್ದು ಉಳಿದ ಕಡೆ ಕೂದಲು ಯಥಾಪ್ರಕಾರ ಇದ್ದರೆ, ಚರ್ಮರೋಗವೆಂದು ಮರುಗಬೇಡಿ. ಅವನು ನಮ್ಮವನು. ಅವನ ಜೇಬಿನಲ್ಲಿ ಒಂದು ಟ್ಯಾಕ್ಟಿಕಲ್ ಮಡಚುಚಾಕು ಇದೆ. ನಿನ್ನೆ ರಾತ್ರಿ ಅದಕ್ಕೆ ಸಾಣೆ ಹಿಡಿದಿದ್ದಾನೆ. ಹರಿತ ಪರೀಕ್ಷಿಸಲು ಲೋಕದಲ್ಲಿ ಬೇರೇನೂ ಸಿಗದೆ ತನ್ನ ಕೈಯನ್ನೇ ಬೋಳಿಸಿಕೊಂಡಿದ್ದಾನೆ. ನನ್ನ ಕೈಮೇಲೆ ಈ ಬಯಲು ಸ್ವಲ್ಪ ವಿಸ್ತಾರವಾಗಿಯೇ ಇದೆ. ಮದುವೆಮನೆಗೆ ಹೋಗುವಾಗ ತುಂಬುತೋಳಿನ ಅಂಗಿ ಹಾಕಿಕೊಳ್ಳುತ್ತೇನೆ.

ನಮ್ಮದೊಂದು ಸಣ್ಣ ಬಳಗ. ಸಹಕಾರನಗರದ ಸಾಫ್ಟ್‌ವೇರ್ ಗೆಳೆಯ, ಆರ್.ಟಿ. ನಗರದ ನಿವೃತ್ತ ಬ್ಯಾಂಕ್ ಮ್ಯಾನೇಜರು, ಯಶವಂತಪುರದಲ್ಲಿ ಪ್ಲೈವುಡ್ ಅಂಗಡಿ ಇಟ್ಟವರು ಮತ್ತು ನಾನು. ಎಲ್ಲರದೂ ಒಂದೇ ಬ್ರಾಂಡು. ಹೆಸರು ಬೇಡ ಬಿಡಿ. ಅಮೆರಿಕದ ನಾಮಕರಣ, ಚೀನಾದಲ್ಲಿ ಜನನ, ಯಲಹಂಕದಲ್ಲಿ ವಾಸ. ಭಾನುವಾರ ಬೆಳಿಗ್ಗೆ ನ್ಯೂಟೌನಿನ ದರ್ಶಿನಿಯೊಂದರಲ್ಲಿ ಸೇರಿ, ಇಡ್ಲಿ ತಟ್ಟೆ ಪಕ್ಕಕ್ಕೆ ಸರಿಸಿ, ಚಾಕುಗಳನ್ನು ಸಾಲಾಗಿ ಇಡುತ್ತೇವೆ. ಟೇಬಲ್ ಒರೆಸುವ ಹುಡುಗ ‘ಎತ್ಕೊಳಿ ಸಾರ್’ ಅನ್ನುತ್ತಾನೆ. ಎತ್ತಿಕೊಳ್ಳುತ್ತೇವೆ. ಅವನು ಒರೆಸಿ ಹೋದ ಮೇಲೆ ಮತ್ತೆ ಇಡುತ್ತೇವೆ.

ಆಮೇಲೆ ಉಕ್ಕಿನ ಮಾತು. ನನ್ನದು 8ಸಿಆರ್13ಎಂಒವಿ. ಕೇಳಲಿಕ್ಕೆ ಇದು ಯಲಹಂಕ ಆರ್‌ಟಿಒದ ಕೆಎ-50 ಗಾಡಿ ನಂಬರಿನಂತಿದ್ದರೂ ಇದರಲ್ಲಿ ಜಾತಕವೇ ಅಡಗಿದೆ: ಶೇ 0.8ರ ಸುಮಾರು ಕಾರ್ಬನ್, ಶೇ 13ರ ಸುಮಾರು ಕ್ರೋಮಿಯಂ, ಜೊತೆಗೆ ಚಿಟಿಕೆ ಮಾಲಿಬ್ಡಿನಂ, ಚಿಟಿಕೆ ವೆನೇಡಿಯಂ. ಮ್ಯಾನೇಜರದು ಡಿ2. ಅದರಲ್ಲಿ ಕ್ರೋಮಿಯಂ ಶೇ 12ರ ಆಸುಪಾಸು. ಸ್ಟೇನ್‌ಲೆಸ್ ಅನ್ನಿಸಿಕೊಳ್ಳಲು ಕೂದಲೆಳೆಯಷ್ಟು ಕಡಿಮೆ. ಮಳೆಗಾಲದಲ್ಲಿ ಒದ್ದೆ ಜೇಬಿನಲ್ಲಿಟ್ಟರೆ ಚುಕ್ಕಿ ಚುಕ್ಕಿ ತುಕ್ಕು. ರಾತ್ರಿ ಎದ್ದು ಲೈಟು ಹಾಕಿ ನೋಡುತ್ತಾರಂತೆ. ಸಾಫ್ಟ್‌ವೇರ್ ಗೆಳೆಯನದು ಎಸ್30ವಿ, ಪುಡಿಲೋಹದಿಂದ ತಯಾರಾಗುವ ದುಬಾರಿ ಉಕ್ಕು. ಅದರಿಂದ ಅವನು ಇನ್ನೂ ಏನನ್ನೂ ಕತ್ತರಿಸಿಲ್ಲ. ಹಾಳಾಗುತ್ತದಂತೆ.

ಕತ್ತರಿಸುವುದಕ್ಕಾದರೂ ನಮಗೆ ಸಿಗುವುದೇನು? ಕೋಲ್ಡ್ ಸ್ಟೀಲ್ ಎಂಬ ಅಮೆರಿಕದ ಕಂಪನಿಯ ಹಳೆಯ ಜಾಹೀರಾತು ವಿಡಿಯೋಗಳಲ್ಲಿ ತೂಗುಹಾಕಿದ ಮಾಂಸದ ತುಂಡನ್ನೂ ದಪ್ಪ ದಪ್ಪ ಹಗ್ಗಗಳನ್ನೂ ಧಡೂತಿ ಗಂಡಸರು ಸೀಳುತ್ತಿರುತ್ತಾರೆ. ನಾವು ಸೀಳುವುದು ಕೊರಿಯರ್ ಡಬ್ಬದ ಟೇಪು, ನಂದಿನಿ ಹಾಲಿನ ಪ್ಯಾಕೆಟ್ಟಿನ ಮೂಲೆ, ಹೊಸ ಅಂಗಿಯ ಬೆಲೆಚೀಟಿಯ ದಾರ. ಕೊರಿಯರ್ ಡಬ್ಬದೊಳಗೆ ಇರುವುದು ಸಾಮಾನ್ಯವಾಗಿ ಇನ್ನೊಂದು ಚಾಕು. ಏರೋ ಇಂಡಿಯಾ ವಿಮಾನ ಪ್ರದರ್ಶನ ಬಂದಾಗ ಯಲಹಂಕದ ಸುತ್ತ ಕಟುಕರ ಕತ್ತಿಗೂ ರಜೆ. ಮಾಂಸದ ಚೂರಿಗೆ ಹದ್ದುಗಳು ಸೇರಿ ವಿಮಾನಕ್ಕೆ ಬಡಿದಾವೆಂದು 2025ರಲ್ಲಿ ವಾಯುನೆಲೆಯಿಂದ 13 ಕಿಲೋಮೀಟರ್ ದೂರದವರೆಗೆ ಮಾಂಸ ಮಾರಾಟವೇ ಬಂದ್. ಆ ವಾರಗಳಲ್ಲಿ ಈ ಭಾಗದಲ್ಲಿ ಹರಿತವಾಗಿದ್ದು ಕೆಲಸದಲ್ಲಿದ್ದ ಚಾಕು ಅಂದರೆ ನಮ್ಮವೇ ಇರಬೇಕು. ಹಾಲು ದಿನವೂ ಬರುತ್ತಿತ್ತಲ್ಲ.

ನಿಜ ಹೇಳಬೇಕೆಂದರೆ ನಾವು ದುಡ್ಡು ಕೊಡುವುದು ಕತ್ತರಿಸುವುದಕ್ಕಲ್ಲ, ‘ಟಕ್’ ಅನ್ನುವುದಕ್ಕೆ. ಹೆಬ್ಬೆರಳಿನಿಂದ ನೂಕಿದರೆ ಟಕ್ ಎಂದು ತೆರೆಯಬೇಕು. ಮತ್ತೆ ಮಡಚಬೇಕು, ಮತ್ತೆ ಟಕ್. ರಾತ್ರಿ ಟಿವಿ ಮುಂದೆ ಕೂತು ನಾನು ಇದನ್ನೇ ಮಾಡುತ್ತಿದ್ದರೆ ಹೆಂಡತಿ, ‘ಹಲ್ಲಿ ಲೊಚಗುಟ್ಟಿದರೆ ಶಕುನ ಅಂತಾದರೂ ಅನ್ಕೋಬಹುದು, ಇದನ್ನ ಏನಂತ ಅನ್ಕೊಳ್ಳಲಿ?’ ಅನ್ನುತ್ತಾಳೆ.

ಆ ಟಕ್ಕಿಗೂ ಚರಿತ್ರೆ ಇದೆ. ಫಾರಿನ್ನಿಂದ ಬಂದ ಸೋದರಮಾವ ತಂದುಕೊಟ್ಟ ಕೆಂಪು ಸ್ವಿಸ್ ಚಾಕುವನ್ನು ಉಗುರು ಮುರಿದುಕೊಂಡು ತೆರೆದ ತಲೆಮಾರು ನಮ್ಮದು. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ ಅದನ್ನು ನೋಂದಾಯಿಸಿದ್ದು 1897ರಲ್ಲಿ. 1964ರಲ್ಲಿ ಅಮೆರಿಕದ ಬಕ್ ಕಂಪನಿ ತನ್ನ 110 ಎಂಬ ಮಡಚುಚಾಕುವಿಗೆ ಗಟ್ಟಿ ಬೀಗ ಇಟ್ಟು, ತೆರೆದ ಅಲಗು ಬೆರಳ ಮೇಲೆ ಬೀಳದಂತೆ ಮಾಡಿತು. ಅದನ್ನು ಸೊಂಟದ ಚರ್ಮದ ಚೀಲದಲ್ಲಿ ಹೊರಬೇಕಿತ್ತು. 1981ರಲ್ಲಿ ಕೊಲರಾಡೊದ ಸ್ಪೈಡರ್ಕೊ ಕಂಪನಿಯ ಸಾಲ್ ಗ್ಲೆಸರ್ ಎಂಬ ಪುಣ್ಯಾತ್ಮ ‘ವರ್ಕರ್’ ಎಂಬ ಚಾಕುವಿನ ಅಲಗಿಗೆ ದುಂಡನೆಯ ತೂತು ಕೊರೆದು, ಹಿಡಿಗೆ ಕ್ಲಿಪ್ ಜಡಿದರು. ಒಂದೇ ಕೈಯಲ್ಲಿ ತೆರೆಯಿತು. ಜೇಬಿನ ಅಂಚಿಗೆ ಪೆನ್ನಿನ ಜಾಗದಲ್ಲಿ ನಿಂತಿತು. ಬಕ್ಕು ವಾಸಿ, ಸ್ವಿಸ್ಸು ವಾಸಿ ಎಂದು ನಾವು ಜಗಳವಾಡುವಾಗಲೆಲ್ಲ ಕೊನೆಗೆ ಬಂದು ನಿಲ್ಲುವುದು ಈ ತೂತಿಗೇ.

ಈ ಸಂಭ್ರಮವನ್ನು ಒಮ್ಮೆ ಕೊಡವ ಗೆಳೆಯರೊಬ್ಬರ ಮುಂದೆ ಬಿಚ್ಚಿದೆ. ಅವರ ಮನೆಯಲ್ಲಿ ಪೀಚೆಕತ್ತಿ ಇದೆ: ಬೆಳ್ಳಿ ಕೆಲಸದ ಒರೆ, ಸರಪಳಿ, ಕುಪ್ಯ ತೊಟ್ಟು ಚೇಲೆ ಬಿಗಿದ ದಿನ ಹೊಟ್ಟೆಯ ಮುಂದೆ ಸಿಕ್ಕಿಸುವಂಥದ್ದು. ನನ್ನದನ್ನು ಟಕ್ ಎಂದು ತೆರೆದು ತೋರಿಸಿದೆ. ಅವರು ಬಹಳ ಸೌಜನ್ಯದಿಂದ ಅತ್ತ ಇತ್ತ ತಿರುಗಿಸಿ ನೋಡಿ, ‘ಚೆನ್ನಾಗಿದೆ. ಇದನ್ನ ಯಾವ ಹಬ್ಬಕ್ಕೆ ಕಟ್ಕೊಳ್ಳೋದು?’ ಎಂದು ಕೇಳಿದರು.

ಕಾನೂನಿನ ಮಾತು ಬಂದರೆ ಬಳಗದವರೆಲ್ಲ ಬಾಯಿಪಾಠ ಒಪ್ಪಿಸುತ್ತಾರೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು. ಅದರಲ್ಲೂ ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದವು ಹೊರತು. ನಮ್ಮದು ಮೂರೂವರೆ ಇಂಚು. 1995ರ ‘ಓಂ’ ಸಿನಿಮಾದಿಂದ ಈಚೆಗೆ ಲಾಂಗು ಮಚ್ಚುಗಳನ್ನೇ ನೋಡಿ ಬೆಳೆದ ಊರಿನಲ್ಲಿ ಇದಕ್ಕೆ ಮರ್ಯಾದೆ ಕೊಡುವವರೂ ಇಲ್ಲ. ಆದರೆ ಮೆಟ್ರೊ ಬಾಗಿಲಲ್ಲಿ ಬ್ಯಾಗು ತಪಾಸಣೆ ಮಾಡುವವರು ಶಸ್ತ್ರಾಸ್ತ್ರ ನಿಯಮಗಳನ್ನು ತೆರೆದುಕೊಂಡು ಕೂತಿರುವುದಿಲ್ಲ. ಚಾಕು ಅಂದರೆ ಚಾಕು. ಹಾಗಾಗಿ ಮೆಟ್ರೊದಲ್ಲಿ ಹೋಗುವ ದಿನ ಅದು ಮನೆಯಲ್ಲಿ, ನಾನು ಬರಿಜೇಬಿನಲ್ಲಿ ಚಡಪಡಿಸಿಕೊಂಡು.

ಪ್ಲೈವುಡ್ಡಿನವರು ‘ಆತ್ಮರಕ್ಷಣೆಗೆ ಸಾರ್’ ಅನ್ನುತ್ತಾರೆ. ಮಾರುವವರೂ ಹಾಗೇ ಹೇಳಿ ಮಾರುತ್ತಾರೆ. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಯಾರಿಂದ ರಕ್ಷಣೆ? ಸಂಜೆ ಹೆಬ್ಬಾಳದ ಫ್ಲೈಓವರ್ ಬುಡದಲ್ಲಿ ಸಿಕ್ಕಿಕೊಂಡವನ ಮೇಲೆ ದಾಳಿ ಮಾಡಬೇಕಾದರೆ ದಾಳಿಕೋರನೂ ಅದೇ ಟ್ರಾಫಿಕ್ಕಿನಲ್ಲಿ ಬರಬೇಕಲ್ಲ. ಬಂದೇ ಬಂದನೆನ್ನಿ, ಆಗ ನಾನು ಜೇಬಿಗೆ ಕೈಹಾಕಿ ಟಕ್ ಅನ್ನಿಸುವಷ್ಟರಲ್ಲಿ ಚಾಕು ಅವನ ಕೈಯಲ್ಲಿರುತ್ತದೆ. ಹರಿತ ಮಾಡಿಕೊಟ್ಟವನು ನಾನು.

ಇನ್ನು ಹಲಸಿನ ಹಣ್ಣಿನ ವಿಷಯ.

ನೆಂಟರು ಘಾಟಿ ಸುಬ್ರಹ್ಮಣ್ಯ ಮುಗಿಸಿಕೊಂಡು ಬರುವಾಗ ತೂಬಗೆರೆಯ ಕಡೆಯಿಂದ ಒಂದು ಹಲಸು ತಂದರು. ತೂಬಗೆರೆ ಹಲಸೆಂದರೆ ನಮ್ಮ ಕಡೆ ಅದಕ್ಕೊಂದು ಹೆಸರಿದೆ. ಅಲ್ಲಿ ಬೆಳೆಗಾರರ ಸಂಘವೇ ಇದೆ, ಜಿಕೆವಿಕೆಯ ಕೃಷಿ ವಿಜ್ಞಾನಿಗಳು ಬೆನ್ನಿಗೆ ನಿಂತು ಕಟ್ಟಿಸಿದ್ದು. ಒಳಗೆ ಕೆಂಪು ತೊಳೆಯ ಚಂದ್ರಹಲಸು ಎಂದು ನೆಂಟರು ಅಂದ ಕೂಡಲೇ ನನ್ನ ಕೈ ಜೇಬಿಗೆ ಹೋಯಿತು. ಅತ್ತೆ ಒಳಗಿನಿಂದ ಈಳಿಗೆಮಣೆಯನ್ನೂ ಕೊಬ್ಬರಿ ಎಣ್ಣೆ ಬಟ್ಟಲನ್ನೂ ತಂದಿಟ್ಟರು. ‘ಅದೆಲ್ಲ ಬೇಡಮ್ಮ’ ಎಂದೆ. ಟಕ್.

ಮೂರೂವರೆ ಇಂಚಿನ ಅಲಗನ್ನು ಅಷ್ಟು ದಪ್ಪದ ಹಣ್ಣಿಗೆ ಇಳಿಸಿದರೆ ಮುಳ್ಳು ದಾಟಿ ಒಳಗೆ ಹೋಗುವುದೇ ಸ್ವಲ್ಪ. ಹಾಗಾಗಿ ಹಣ್ಣಿನ ಸುತ್ತ ಪ್ರದಕ್ಷಿಣೆ ಹಾಕಬೇಕಾಯಿತು. ನಾನು ಹಣ್ಣನ್ನು ತಿರುಗಿಸುವುದು, ಹಣ್ಣು ಉರುಳುವುದು, ನೆಂಟರ ಮಗು ಚಪ್ಪಾಳೆ ತಟ್ಟುವುದು. ಕುಯ್ದ ಕಡೆಯಿಂದೆಲ್ಲ ಬಿಳಿ ಅಂಟು ಉಕ್ಕಿತು. ಮೊದಲು ಅಲಗಿಗೆ ಹತ್ತಿತು. ಅಲಗಿನಿಂದ ಇಳಿದು ಕೀಲಿಗೆ ಹೋಯಿತು. ಕೀಲಿನಿಂದ ಹಿಡಿಯ ಹೊಟ್ಟೆಗೆ ಇಳಿಯಿತು. ಅಲ್ಲಿ ಉಕ್ಕಿನ ಒಂದು ತೆಳು ಪಟ್ಟಿ ಇರುತ್ತದೆ. ಅಲಗು ಪೂರ್ತಿ ತೆರೆದೊಡನೆ ಅದರ ಬೆನ್ನಿಗೆ ಹಾರಿ ನಿಲ್ಲುವುದು ಈ ಬೀಗದ ಪಟ್ಟಿಯ ಕೆಲಸ. ಮಡಚಬೇಕಾದರೆ ಅದನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳಬೇಕು. ತಳ್ಳಿದೆ. ಅದು ಕದಲಲಿಲ್ಲ. ನನ್ನ ಹೆಬ್ಬೆರಳೂ ಕದಲಲಿಲ್ಲ. ಎರಡೂ ಒಂದೇ ಕಡೆ ಅಂಟಿಕೊಂಡಿದ್ದವು.

ಬಟ್ಟೆಯಲ್ಲಿ ಒರೆಸಿದೆ, ಬಟ್ಟೆ ಅಂಟಿತು. ಬಟ್ಟೆ ಕಿತ್ತು ಪೇಪರಿನಲ್ಲಿ ಒರೆಸಿದೆ, ಪೇಪರ್ ಅಂಟಿತು. ನಲ್ಲಿ ನೀರು ಬಿಟ್ಟೆ. ಹಲಸಿನ ಅಂಟಿಗೆ ನೀರು ಲೆಕ್ಕಕ್ಕೇ ಇಲ್ಲ, ಇನ್ನಷ್ಟು ಬಿಗಿಯಿತು. ಪೇಪರ್ ಕೀಳಲು ಹೋದರೆ ಚೂರುಚೂರಾಗಿ ಬಂದು, ರಾಶಿಭವಿಷ್ಯದ ಒಂದು ತುಂಡು ಮಾತ್ರ ಅಲಗಿನ ಮೇಲೆ ಉಳಿಯಿತು: ‘ಧನು: ವಾಹನ ಯೋಗ.’ ನನ್ನ ರಾಶಿ ಧನುವೇ. ಅತ್ತೆ ಏನೂ ಮಾತಾಡಲಿಲ್ಲ. ಕೈಗೆ ಎಣ್ಣೆ ಸವರಿಕೊಂಡು, ಈಳಿಗೆಮಣೆ ಮೇಲೆ ಕೂತು, ಹಣ್ಣನ್ನು ತಮ್ಮ ಕಡೆ ಎಳೆದುಕೊಂಡರು. ನಾನು ತೆರೆದ ಚಾಕು ಹಿಡಿದು ನಡುಮನೆಯಲ್ಲಿ ನಿಂತಿದ್ದೆ. ಎಲ್ಲಿಯೂ ಇಡುವ ಹಾಗಿಲ್ಲ, ಇಟ್ಟಲ್ಲಿ ಅಂಟುತ್ತದೆ. ಕೂರುವ ಹಾಗಿಲ್ಲ, ಮಗು ಓಡಾಡುತ್ತಿದೆ. ತೊಳೆ ಎಲ್ಲರ ತಟ್ಟೆಗೂ ಹೋಯಿತು. ನನಗೆ ಹೆಂಡತಿ ಬಾಯಿಗೇ ಹಾಕಿದಳು. ಸಿಹಿಯಾಗಿತ್ತು, ಅದನ್ನು ಒಪ್ಪಬೇಕು.

ಎಣ್ಣೆ ಹಚ್ಚಿ ಬೆರಳು ಬಿಡಿಸಿಕೊಂಡದ್ದಾಯಿತು, ಬೀಗ ಬಿಡಲಿಲ್ಲ. ಕೀಲು ಬಿಚ್ಚಬೇಕು. ಅದರ ಸ್ಕ್ರೂ ನಕ್ಷತ್ರದ ಆಕಾರದ್ದು, ಟಾರ್ಕ್ಸ್ ಅನ್ನುತ್ತಾರೆ. ಅದರ ಸೆಟ್ ಇರುವುದು ಸಹಕಾರನಗರದ ಗೆಳೆಯನ ಹತ್ತಿರ. ಆದರೆ ತೆರೆದ ಚಾಕುವನ್ನು ಯಲಹಂಕದಿಂದ ಅಲ್ಲಿಯವರೆಗೆ ಹೇಗೆ ಒಯ್ಯುವುದು? ಜೇಬಿಗೆ ಹೋಗದು, ಕೈಯಲ್ಲಿ ಹಿಡಿದರೆ ಊರು ಸೇರುತ್ತದೆ. ಕೊನೆಗೆ ಚಪಾತಿ ಇಡುವ ಹಾಟ್‌ಬಾಕ್ಸಿನಲ್ಲಿ ಮೂಲೆಯಿಂದ ಮೂಲೆಗೆ ಸರಿಯಾಗಿ ಕೂತಿತು. ಹೆಂಡತಿ ಬಾಗಿಲಿನಿಂದ ಕೂಗಿ ಹೇಳಿದ್ದು ಒಂದೇ: ‘ಬಾಕ್ಸು ವಾಪಸ್ ಬರ್ಬೇಕು.’ ಆಟೊ ಸಿಕ್ಕಿತು. ವಾಹನ ಯೋಗ.

ಗೆಳೆಯನ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲಿನವರು ಹಾಟ್‌ಬಾಕ್ಸ್ ನೋಡಿ, ‘ಯಾವ ಆ್ಯಪ್?’ ಎಂದರು. ಯಾವ ಆ್ಯಪೂ ಅಲ್ಲ ಎಂದೆ. ‘ಹೋಮ್‌ಫುಡ್ಡಾ? ಸರ್ವಿಸ್ ಲಿಫ್ಟಲ್ಲಿ ಹೋಗಿ.’ ಅಲ್ಲಿ ಊಟ ತರುವವರಿಗೆ ಒಂದು ಲಿಫ್ಟು, ಊಟ ಮಾಡುವವರಿಗೆ ಒಂದು. ಊಟ ಮಾಡುವವರ ಲಿಫ್ಟಿಗೆ ಕನ್ನಡಿ, ಫ್ಯಾನು, ನೆಲಕ್ಕೆ ಕಲ್ಲು. ಇನ್ನೊಂದರಲ್ಲಿ ಕಸದ ಡ್ರಮ್ಮೂ ನಾವೂ. ಈ ಏರ್ಪಾಟು ಮಾಡಿದ ಸಂಘದವರು ಯಾವ ಮುಖ ಇಟ್ಟುಕೊಂಡು ಊಟ ತರಿಸಿಕೊಳ್ಳುತ್ತಾರೋ ನನಗೆ ಗೊತ್ತಿಲ್ಲ.

ನನ್ನ ಜೊತೆ ಒಬ್ಬ ಡೆಲಿವರಿ ಹುಡುಗ ಹತ್ತಿದ. ಇಪ್ಪತ್ತರ ಒಳಗಿನ ವಯಸ್ಸು, ಬೆವರಿದ ಟೀಶರ್ಟು, ಕೈಯಲ್ಲಿ ಬಿರಿಯಾನಿ ಚೀಲ. ಚಾಕು ಬಾಕ್ಸಿನ ತಳಕ್ಕೆ ಅಂಟಿಕೊಂಡಿತೇನೋ ಎಂಬ ಚಿಂತೆಯಲ್ಲಿ ನಾನು ಮುಚ್ಚಳ ತೆರೆದೆ. ಹುಡುಗ ಬಗ್ಗಿ ನೋಡಿದ. ಬಿರಿಯಾನಿ ಚೀಲವನ್ನು ನಿಧಾನ ಎತ್ತಿ ಎದೆಯ ಮುಂದೆ ಹಿಡಿದುಕೊಂಡ. ‘ಹಲಸಿನ ಹಣ್ಣು...’ ಎಂದು ಶುರುಮಾಡಿದೆ. ಅವನಿಗೆ ಕೇಳಿಸಲಿಲ್ಲ, ಅಥವಾ ಕನ್ನಡ ಬರಲಿಲ್ಲ. ಮುಂದಿನ ಮಹಡಿಯ ಗುಂಡಿ ಒತ್ತಿ ಇಳಿದುಬಿಟ್ಟ; ಮೆಟ್ಟಿಲ ಮೇಲೆ ಅವನು ಓಡುವ ಸದ್ದು ಮಾತ್ರ ಬಂತು. ಚಾಕು ಹಿಡಿದ ಗಂಡಸನ್ನು ಕಂಡರೆ ಹಾಗೆ ಓಡಬೇಕೆಂದು ಆ ವಯಸ್ಸಿಗೇ ಅವನಿಗೆ ಯಾರು ಕಲಿಸಿದರೋ. ಆತ್ಮರಕ್ಷಣೆ ಅಂದರೆ ಅದೇ. ಅದಕ್ಕೆ ಎಂಥ ಉಕ್ಕೂ ಬೇಕಾಗಿರಲಿಲ್ಲ. ನಾನು ಬಳಗದಲ್ಲಿ ಈ ಭಾಗವನ್ನು ಹೇಳಿ ನಗಿಸಲು ನೋಡಿದ್ದೇನೆ, ಆಗುವುದಿಲ್ಲ.

ಗೆಳೆಯ ಸೆಟ್ ತೆಗೆದ. ಟಿ-6 ಇತ್ತು, ಕ್ಲಿಪ್ಪಿನ ಸ್ಕ್ರೂ ಬಂತು. ಕೀಲಿನ ಸ್ಕ್ರೂವಿಗೆ ಬೇಕಾದದ್ದು ಟಿ-8, ಅದು ಮಾತ್ರ ಸೆಟ್ಟಿನಲ್ಲಿ ಇರಲಿಲ್ಲ. ಇರುವುದರಲ್ಲೇ ಅವನು ತಿರುವಲು ಹೋಗಿ ಸ್ಕ್ರೂ ತಲೆಯ ಅಂಚು ಸ್ವಲ್ಪ ಸವೆಯಿತು. ಆಮೇಲೆ ಕೊಬ್ಬರಿ ಎಣ್ಣೆ ಸುರಿದು, ಇಬ್ಬರೂ ಸೇರಿ ತಳ್ಳಿ, ಬೀಗ ಬಿಡಿಸಿ, ಮಡಚಿಯೇ ಬಿಟ್ಟೆವು. ಟಕ್ ಅನ್ನಲಿಲ್ಲ, ಪಚಕ್ ಅಂದಿತು. ಅಂದಿನಿಂದ ಅದು ಮಡಚಿಕೊಂಡೇ ಇದೆ, ತೆರೆಯುತ್ತಿಲ್ಲ. ಒಳಗಿನ ಅಂಟು ಒಣಗಿ ಗಟ್ಟಿಯಾಗಿದೆ. ಹೆಂಡತಿ ಇದಕ್ಕಿಂತ ಒಳ್ಳೆಯ ಚಾಕು ತಾನು ನೋಡಿಲ್ಲ ಅನ್ನುತ್ತಾಳೆ. ಹಾಟ್‌ಬಾಕ್ಸ್ ವಾಪಸ್ ಬಂದಿದೆ.

ಆದ್ದರಿಂದ ಈ ಮೂಲಕ ಕೋರುವುದೇನೆಂದರೆ, ಯಲಹಂಕ, ಜಕ್ಕೂರು, ಕೊಡಿಗೇಹಳ್ಳಿ, ವಿದ್ಯಾರಣ್ಯಪುರ ಆಸುಪಾಸಿನಲ್ಲಿ ಯಾರ ಬಳಿಯಾದರೂ ಅಂಚು ಸವೆಯದ ಟಿ-8 ಟಾರ್ಕ್ಸ್ ಬಿಟ್ ಇದ್ದರೆ ದಯವಿಟ್ಟು ತನ್ನಿ. ಮೊಬೈಲ್ ರಿಪೇರಿಯವರಾಗಲಿ, ಗಡಿಯಾರ ರಿಪೇರಿಯವರಾಗಲಿ ಅಡ್ಡಿಯಿಲ್ಲ. ಕಾಫಿ, ಸಿಕ್ಕರೆ ಹಲಸಿನ ತೊಳೆ ನನ್ನ ಕಡೆಯಿಂದ. ಸುತ್ತಿಗೆ ತರುವವರು ಮಾತ್ರ ಬರಬೇಡಿ.