ಪುಕ್ಕಟೆ ಸಿಗ್ನಲ್, ಒದ್ದೆ ಮಣ್ಣು

ಬೆಂಗಳೂರಿನ ಸುಬ್ರಹ್ಮಣ್ಯಪುರದಲ್ಲಿ ಕ್ಯಾಬ್ ಕರೆಸಿಕೊಳ್ಳುವುದೂ ಒಂದು ವಿದ್ಯೆ. ಬುಕ್ ಆದ ಕೂಡಲೇ ಚಾಲಕರು ಫೋನ್ ಮಾಡಿ, "ಸಾರ್, ಲೊಕೇಶನ್ ಕರೆಕ್ಟಾ?" ಎನ್ನುತ್ತಾರೆ. ಕರೆಕ್ಟಾಗಿರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತು. ನಾವು ಮೇನ್ ರೋಡಿನ ಬೇಕರಿ ಮುಂದೆ ನಿಂತಿದ್ದರೆ ಫೋನಿನ ನೀಲಿ ಚುಕ್ಕಿ ಹಿಂದಿನ ಕ್ರಾಸಿನಲ್ಲಿ ಯಾರದೋ ಮನೆಯ ಅಡುಗೆಮನೆಯಲ್ಲಿರುತ್ತದೆ. ಕೆರೆಯ ಪಕ್ಕ ನಿಂತವರಿಗಂತೂ ಜಲಸಮಾಧಿಯೇ. "ನೀರೊಳಗೆಲ್ಲ ಬರೋಕಾಗಲ್ಲ ಸಾರ್, ದೇವಸ್ಥಾನದ ಹತ್ರ ಬಂದ್ಬಿಡಿ" ಎಂದವರೂ ಉಂಟು.

ಪಾಪ, ಇದರಲ್ಲಿ ಉಪಗ್ರಹದ್ದೇನೂ ತಪ್ಪಿಲ್ಲ. ಸುಮಾರು 20,000 ಕಿ.ಮೀ. ಎತ್ತರದಿಂದ ಹೊರಟ ಜಿಪಿಎಸ್ ಸಿಗ್ನಲ್ ನಮ್ಮ ಕೈಸೇರುವ ಹೊತ್ತಿಗೆ ಒಂದು ವ್ಯಾಟಿನ ನೂರು ಕೋಟಿ ಕೋಟಿ ಭಾಗದಲ್ಲಿ ಒಂದು ಭಾಗದಷ್ಟು ಸೊರಗಿರುತ್ತದೆ. ಅಂಥ ಬಡಪಾಯಿ ನೆಟ್ಟಗೆ ಬರಲು ನಾವು ಜಾಗ ಎಲ್ಲಿ ಬಿಟ್ಟಿದ್ದೇವೆ? ಎದುರಿನ ಅಪಾರ್ಟ್‌ಮೆಂಟಿಗೆ ಬಡಿದು, ಪಕ್ಕದ ಗಾಜಿನ ಕಟ್ಟಡಕ್ಕೆ ಹಾಯ್ದು, ಸುತ್ತುಬಳಸಿ ಬರುತ್ತದೆ. ಫೋನು ಅದನ್ನೇ ನೇರವಾಗಿ ಬಂದದ್ದೆಂದು ನಂಬಿ ಲೆಕ್ಕ ಹಾಕುತ್ತದೆ.

ಹೀಗೆ ಪುಟಿದು ಬರುವ ಸಿಗ್ನಲ್ ಎಂದರೆ ಎಂಜಿನಿಯರುಗಳಿಗೆ ತಲೆನೋವು. ಆದರೆ ಕೊಲೊರಾಡೊ ವಿಶ್ವವಿದ್ಯಾಲಯದ ಕ್ರಿಸ್ಟೀನ್ ಲಾರ್ಸನ್ ಆ ತಲೆನೋವನ್ನೇ ಕೂತು ಓದಿದರು. ಭೂಮಿಯ ಹೊರಪದರ ಸರಿದಾಡುವುದನ್ನು ಅಳೆಯಲು ಅಲ್ಲಲ್ಲಿ ನೆಟ್ಟ ಜಿಪಿಎಸ್ ಕಂಬಗಳಿಗೆ ಆಕಾಶದಿಂದ ನೇರ ಸಿಗ್ನಲ್ ಬರುವುದಲ್ಲದೆ ಸುತ್ತಲ ನೆಲದಿಂದ ಪುಟಿದದ್ದೂ ಬಂದು ಬೆರೆಯುತ್ತದೆ. ಎರಡೂ ಕೂಡಿ ಸಿಗ್ನಲ್ ಏರಿಳಿಯುತ್ತದೆ. ಮಳೆ ಬಿದ್ದು ನೆಲ ನೆನೆದಾಗ ಆ ಏರಿಳಿತದ ಧಾಟಿಯೇ ಬದಲಾಗುತ್ತದೆಂದು 2008ರಲ್ಲಿ ಅವರ ತಂಡ ತೋರಿಸಿತು. ಕಸವೆಂದು ಗುಡಿಸಿ ಎಸೆಯುತ್ತಿದ್ದುದರಲ್ಲಿ ಮಣ್ಣಿನ ಸಮಾಚಾರವಿತ್ತು.

ಗುಟ್ಟೆಲ್ಲ ನೀರಿನದು. ಒಣಮಣ್ಣಿನ ಡೈಎಲೆಕ್ಟ್ರಿಕ್ ಸ್ಥಿರಾಂಕ (ವಿದ್ಯುತ್ ಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆಂಬ ಅಳತೆ) ಮೂರೋ ನಾಲ್ಕೋ; ನೀರಿನದು ಎಂಬತ್ತರ ಆಸುಪಾಸು. ಹಾಗಾಗಿ ಮಣ್ಣಿಗೆ ನೀರು ಸೇರಿದಷ್ಟೂ ರೇಡಿಯೋ ಅಲೆ ಜೋರಾಗಿ ಹಿಂದಕ್ಕೆ ಪುಟಿಯುತ್ತದೆ. ಜಿಪಿಎಸ್‌ನ ಅಲೆ ಸುಮಾರು 19 ಸೆಂ.ಮೀ. ಉದ್ದದ್ದು, ಮೋಡಕ್ಕೆಲ್ಲ ಸೊಪ್ಪು ಹಾಕುವುದಿಲ್ಲ. ಆಷಾಢದ ಮೋಡ ಕವಿದು ಕ್ಯಾಮೆರಾ ಉಪಗ್ರಹಗಳು ಕಣ್ಣು ಕಾಣದೆ ಸುತ್ತುವಾಗಲೂ ಇದರ ಕೆಲಸ ನಿಲ್ಲದು. ಉತ್ತ ಹೊಲದ ಹೆಂಟೆಗಳು ಸಿಗ್ನಲನ್ನು ದಿಕ್ಕಾಪಾಲು ಚೆದುರಿಸುತ್ತವೆ, ಬೆಳೆದು ನಿಂತ ಪೈರು ಒಂದಿಷ್ಟು ನುಂಗಿಹಾಕುತ್ತದೆ. ಅದನ್ನೆಲ್ಲ ಕಳೆದು ಲೆಕ್ಕ ಹಿಡಿಯಬೇಕು. ಅಷ್ಟಾದರೂ ತಿಳಿಯುವುದು ಮೇಲಿನ ಕೆಲವೇ ಸೆಂ.ಮೀ. ಮಣ್ಣಿನ ಸಂಗತಿ. ನಮ್ಮಜ್ಜಿ ದಾಸವಾಳದ ಬುಡಕ್ಕೆ ಬೆರಳು ಚುಚ್ಚಿ, ಉಗುರಿಗಂಟಿದ ಮಣ್ಣನ್ನು ಹೆಬ್ಬೆರಳಲ್ಲಿ ತಿಕ್ಕಿ ನೋಡಿ, "ಇವತ್ತು ನೀರು ಬ್ಯಾಡ" ಎನ್ನುತ್ತಿದ್ದಳು. ಅವಳ ಬೆರಳು ಹೋಗುತ್ತಿದ್ದುದೂ ಅಷ್ಟೇ ಆಳಕ್ಕೆ.

ಪುಟಿದ ಸಿಗ್ನಲನ್ನು ಓದುವ ಈ ಕೆಲಸಕ್ಕೆ ನಮ್ಮ ಇಸ್ರೋ ಆಕಾಶದಿಂದಲೇ ಕೈಹಾಕಿತು. 2024ರ ಆಗಸ್ಟ್ 16ರಂದು ಶ್ರೀಹರಿಕೋಟಾದಿಂದ ಹಾರಿದ ಇಒಎಸ್-08 ಉಪಗ್ರಹದಲ್ಲಿ ಇಂಥದೊಂದು ಉಪಕರಣವಿತ್ತು. ಉಪಗ್ರಹ ತಯಾರಾದದ್ದು ನಮ್ಮೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ. ತೂಕ 175.5 ಕೆ.ಜಿ., ಕಕ್ಷೆಯ ಎತ್ತರ 475 ಕಿ.ಮೀ. ಸಮುದ್ರದ ಗಾಳಿ, ಮಣ್ಣಿನ ತೇವ, ಹಿಮಾಲಯದ ಹಿಮ, ನೆರೆ ಇವನ್ನೆಲ್ಲ ಅಳೆಯಬಹುದೇ ಎಂದು ನೋಡುವ ಪ್ರಯೋಗ. ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಜಿಪುಣತನ. ಪಕ್ಕದ ಮನೆಯ ರೇಡಿಯೋದಲ್ಲಿ ವಾರ್ತೆ ಕೇಳುವವರಂತೆ, ಯಾರದೋ ಉಪಗ್ರಹ ದಾರಿ ತೋರಿಸಲೆಂದು ಬಿಟ್ಟ ಸಿಗ್ನಲ್ ನೆಲಕ್ಕೆ ಬಿದ್ದು ಪುಟಿದಾಗ ಕಿವಿಗೊಟ್ಟರಾಯಿತು. ಸ್ವಂತ ರೇಡಾರ್ ಹೊತ್ತೊಯ್ಯುವ ಖರ್ಚಿಲ್ಲ. ನಾಸಾ 2016ರಲ್ಲಿ ಹಾರಿಸಿದ ಸಿಗ್ನಸ್ ಎಂಬ ಎಂಟು ಪುಟ್ಟ ಉಪಗ್ರಹಗಳೂ ಇದೇ ಜಾತಿಯವು. ಕಳಿಸಿದ್ದು ಚಂಡಮಾರುತದ ಗಾಳಿ ಅಳೆಯಲು. ನೆಲದ ಮೇಲೆ ಹಾಯುವಾಗ ಮಣ್ಣಿನ ತೇವವನ್ನೂ ಹೇಳತೊಡಗಿದವು.

ಆಕಾಶದವರು ಹೇಳಿದ್ದನ್ನು ನೆಲದವರು ಒಪ್ಪಬೇಕಲ್ಲ! ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿಯ ಹೊಲಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ವರ್ಷಗಳಿಂದ ಮಣ್ಣಿನ ತೇವ ಅಳೆದು ಉಪಗ್ರಹಗಳ ಲೆಕ್ಕದೊಡನೆ ತಾಳೆ ನೋಡುತ್ತಿದ್ದಾರೆ. ಅರಿಸಿನ, ಸೂರ್ಯಕಾಂತಿ ಬೆಳೆಯುವ ಆ ಸೀಮೆಯಲ್ಲಿ ಅಳೆಯಲು ಮಣ್ಣಾದರೂ ಇದೆ.

ಸುಬ್ರಹ್ಮಣ್ಯಪುರದಲ್ಲಿ? ಹಿತ್ತಲಿಗೆ ಟೈಲ್ಸು, ಗೇಟಿನ ಮುಂದೆ ಇಳಿಜಾರು ಸಿಮೆಂಟು, ಫುಟ್‌ಪಾತಿನ ಹೊಂಗೆ ಮರದ ಕುತ್ತಿಗೆವರೆಗೂ ಕಾಂಕ್ರೀಟು. ಮಳೆ ಬಂದರೆ ನೀರು ಇಂಗುವುದಿಲ್ಲ, ಬೇಸ್‌ಮೆಂಟಿಗೆ ಇಳಿಯುತ್ತದೆ. ಆಮೇಲೆ ಬೇಸಿಗೆಯಲ್ಲಿ ಟ್ಯಾಂಕರಿನವನ ಕಾಲು ಹಿಡಿಯುತ್ತೇವೆ. ಪಕ್ಕದಲ್ಲೇ ಇಸ್ರೋ ಲೇಔಟ್ ಇದ್ದೂ ಈ ವಿಷಯಕ್ಕೆ ಉಪಗ್ರಹದ ಸಲಹೆ ಬೇಕಿಲ್ಲ. ಈ ಸಲ ಮನೆ ಮುಂದೆ ಸಿಮೆಂಟು ಹಾಕಿಸುವಾಗ ಮೇಸ್ತ್ರಿಗೆ ಒಂದು ಮಾತು ಹೇಳಿ: ಮರದ ಬುಡದಲ್ಲಿ ಒಂದು ಗಜ ಮಣ್ಣು ಬಿಟ್ಟು ಹಾಕಲಿ.