ಗರ್ಭಚೀಲದ ಜೊತೆ ಇನ್ನೇನು ಹೋಯ್ತು?

"ಅಕ್ಕೋ, ಮೂಳೆಗೆ ಒಳ್ಳೇದು ಅಂತ ನೀವು ನುಂಗ್ತೀರಲ್ಲ, ಆ ಮಾತ್ರೆ ಹೆಸರೇನು?"

ಬೇಲಿಯಾಚೆ ಸೊಂಟ ಹಿಡಿದು ನಿಂತವಳಿಗೆ ಇನ್ನೂ ನಲವತ್ತು ತುಂಬಿಲ್ಲ. ಹಗಲೆಲ್ಲ ರಾಮನಗರದ ಫಿಲೇಚರಿನಲ್ಲಿ ಬಿಸಿನೀರಿಗೆ ಕೈಯಿಟ್ಟು ರೇಷ್ಮೆ ನೂಲು ತೆಗೆಯುತ್ತಾಳೆ. ಮನೇಲಿ ಎರಡು ಸೀಮೆಹಸು. ಗರ್ಭಚೀಲ ತೆಗೆಸಿ ಎರಡು ವರ್ಷವಾಯಿತು.

"ಮಾತ್ರೆ ಇರಲಿ. ಅಂಡಾಶಯ ಬಿಟ್ಟವ್ರೋ, ತೆಗೆದವ್ರೋ?"

"ಅದ್ಯಾವುದಕ್ಕ? ಎಲ್ಲಾ ತೆಗ್ದಿದ್ದೀವಿ, ಇನ್ನೇನೂ ಕಾಟ ಇಲ್ಲ ಅಂದ್ರು."

ಈ 'ಎಲ್ಲಾ' ಅನ್ನೋ ಮಾತು ಮಾಗಡಿಯಿಂದ ಕನಕಪುರದ ತನಕ ಕೇಳಿದ್ದೀನಿ. ಗರ್ಭಚೀಲ ಒಂದೇ ಹೋದರೆ ಮುಟ್ಟು ನಿಲ್ಲುತ್ತೆ, ಆದರೆ ಅಂಡಾಶಯ ಉಳಿದಿದ್ದರೆ ಈಸ್ಟ್ರೋಜನ್ ಹಾರ್ಮೋನು ಬರುತ್ತಲೇ ಇರುತ್ತೆ. ಎರಡು ಅಂಡಾಶಯವನ್ನೂ ಕಿತ್ತರೆ ಕೆಲವೇ ದಿನದಲ್ಲಿ ಬತ್ತಿಹೋಗುತ್ತೆ. ಮೂಳೆ ಒಂದು ಕಡೆ ಕರಗುತ್ತಾ ಇನ್ನೊಂದು ಕಡೆ ಕಟ್ಟಿಕೊಳ್ಳುತ್ತಾ ಇರೋ ವಸ್ತು. ಕರಗಿಸುವ ಜೀವಕಣಗಳಿಗೆ ಈಸ್ಟ್ರೋಜನ್ನೇ ಮೂಗುದಾರ. ಅದು ಕಳಚಿದ ಮೊದಲ ನಾಲ್ಕೈದು ವರ್ಷ ಮೂಳೆ ಸವೆಯೋ ವೇಗವೇ ಬೇರೆ. ಅಮೆರಿಕದ ಫುಲ್ಲರ್ ಆಲ್ಬ್ರೈಟ್ ಎಂಬ ವೈದ್ಯರು ಈ ನಂಟನ್ನು 1941ರಲ್ಲೇ ಬರೆದಿಟ್ಟಿದ್ದಾರೆ. ನಮ್ಮಲ್ಲಿ ಮಾತ್ರ ಡಿಸ್ಚಾರ್ಜ್ ಮಾಡುವಾಗ ಹೊಲಿಗೆ ಬಿಚ್ಚೋ ತಾರೀಕು ಹೇಳ್ತಾರೆ, ಇದನ್ನು ಹೇಳೋರು ಕಮ್ಮಿ.

"ಎರಡು ಹೊತ್ತೂ ಮುದ್ದೆ ಉಣ್ತೀನಿ. ಮೂಳೆ ಹೆಂಗಕ್ಕ ಸವೆದೀತು?"

ಮುದ್ದೆಯನ್ನು ಬಿಟ್ಟುಕೊಡೋಕೆ ನನಗೂ ಇಷ್ಟವಿಲ್ಲ. ನೂರು ಗ್ರಾಂ ರಾಗೀಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಯಾವ ಅಕ್ಕಿ ಗೋಧೀಲೂ ಅಷ್ಟಿಲ್ಲ. ರಾಗಿಯೊಳಗಿನ ಫೈಟೇಟ್ ಅದರಲ್ಲಿ ಒಂದು ಪಾಲನ್ನು ಹಿಡಿದಿಟ್ಟುಕೊಳ್ಳುತ್ತೆ, ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ಆ ಹಿಡಿತ ಸಡಿಲವಾಗುತ್ತೆ. ಮುಟ್ಟು ನಿಂತ ಹೆಂಗಸಿಗೆ ದಿನಕ್ಕೆ 1200 ಮಿಲಿಗ್ರಾಂ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದೆ. ಮುದ್ದೆ, ಸೊಪ್ಪಿನ ಸಾರು, ಎಳ್ಳು, ಜೊತೆಗೆ ಎರಡು ಲೋಟ ಹಾಲೋ ಮೊಸರೋ ಆದರೆ ಹತ್ತತ್ತಿರ ಬಂತು.

"ಹಾಲೆಲ್ಲಿ ಬತ್ತದಕ್ಕ? ಡೈರಿಗೆ ಹಾಕಿ ಮಿಕ್ಕಿದ್ದು ಟೀಗೇ ಸಾಲಲ್ಲ."

ಅವಳು ಬೆಳಗ್ಗೆ ಡೈರಿಗೆ ಹಾಕೋ ನಾಲ್ಕು ಲೀಟರ್ ಹಾಲಿನಲ್ಲಿ ಹೆಚ್ಚುಕಡಿಮೆ 4800 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತೆ. ಅದನ್ನು ಮಾರಿದ ದುಡ್ಡಲ್ಲಿ ಮೆಡಿಕಲ್ ಸ್ಟೋರಿಗೆ ಹೋಗಿ 500 ಮಿಲಿಗ್ರಾಮಿನ ಮಾತ್ರೆ ತರ್ತಾಳಂತೆ!

ಮಾತ್ರೆ ಬೇಡ ಅನ್ನಲ್ಲ. ಊಟದಲ್ಲಿ ಸಾಲದ್ದಕ್ಕೆ ಮಾತ್ರೆ. ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಊಟದ ಜೊತೆಗೇ ತಗೋಬೇಕು, ಒಂದೇ ಸಲಕ್ಕೆ ಎರಡು ನುಂಗಿ ಲಾಭವಿಲ್ಲ, ಕಬ್ಬಿಣದ ಮಾತ್ರೆ ಜೊತೆಗಂತೂ ಬೇಡ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಅಮೆರಿಕದಲ್ಲಿ ಮುಟ್ಟು ನಿಂತ 36,282 ಹೆಂಗಸರ ಮೇಲೆ ನಡೆಸಿದ ಪರೀಕ್ಷೆಯ ಫಲ 2006ರಲ್ಲಿ ಬಂತು. ಅರ್ಧ ಜನಕ್ಕೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೊಟ್ಟಿದ್ದರು. ಸೊಂಟದ ಮೂಳೆ ಸಾಂದ್ರತೆ ಒಂಚೂರು ಸುಧಾರಿಸಿತು, ಮುರಿತ ಲೆಕ್ಕಕ್ಕೆ ಬರುವಷ್ಟು ತಗ್ಗಲಿಲ್ಲ, ಮೂತ್ರಪಿಂಡದ ಕಲ್ಲು ಮಾತ್ರ ಶೇ. 17ರಷ್ಟು ಹೆಚ್ಚಾಯಿತು. ಡಬ್ಬಿ ಮೇಲಿನ ನಗುಮುಖದ ಹೆಂಗಸು ಇದನ್ನು ಹೇಳೋದಿಲ್ಲ.

"ಡಿ ಪುಡಿ ಕೊಟ್ಟವ್ರೆ, ದಿನಾ ಹಾಲಿಗೆ ಹಾಕ್ಕೊಳ್ಳಲಾ?"

"ಅಯ್ಯೋ, ದಿನಾ ಅಲ್ಲ ಕಣೆ! ಒಂದು ಪೊಟ್ಟಣದಲ್ಲಿ 60,000 ಯೂನಿಟ್ ಇರ್ತದೆ. ವಾರಕ್ಕೊಂದು, ಅದೂ ಡಾಕ್ಟ್ರು ಹೇಳಿದಷ್ಟು ವಾರ ಮಾತ್ರ. ದಿನಾ ಕುಡಿದ್ರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೇ ಏಟು."

ಹಗಲಿಡೀ ಫಿಲೇಚರಿನೊಳಗೇ ಇರೋಳಿಗೆ ಬಿಸಿಲು ಬಿದ್ದು ಡಿ ಸಿಗೋದಾದರೂ ಯಾವಾಗ, ಅದೂ ನಿಜವೇ. ಆದರೆ ನಲವತ್ತೈದರೊಳಗೆ ಎರಡು ಅಂಡಾಶಯವೂ ಹೋಗಿದ್ದರೆ ಹೋದದ್ದು ಹಾರ್ಮೋನು. ಆ ಜಾಗವನ್ನು ಕ್ಯಾಲ್ಸಿಯಂ ತುಂಬಲ್ಲ. ಸ್ತನ ಕ್ಯಾನ್ಸರ್ ಥರದ ಅಡ್ಡಿಯಿಲ್ಲದವರಿಗೆ, ಸಹಜವಾಗಿ ಮುಟ್ಟು ನಿಲ್ಲೋ ಐವತ್ತರ ಆಸುಪಾಸಿನ ತನಕ ಹಾರ್ಮೋನನ್ನೇ ಕೊಡೋದು ವೈದ್ಯರ ರೂಢಿ. ಅದನ್ನು ಸ್ತ್ರೀರೋಗ ತಜ್ಞರ ಹತ್ತಿರ ಕೇಳಬೇಕು, ಬೇಲಿ ಮೇಲಿಂದ ನಾನು ಬರೆದುಕೊಡೋಕಾಗಲ್ಲ.

"ಏನೇನು ತೆಗೆದ್ರು ಅಂತ ಬರೆದ ಆಸ್ಪತ್ರೆ ಚೀಟಿ ಎಲ್ಲಿಟ್ಟೆ?"

"ಮನೆಗೆ ಸುಣ್ಣ ಬಳಿಯುವಾಗ ಎಲ್ಲೋ ಹೋಯ್ತು."

"ಹೋದ್ರೆ ಹೋಗ್ಲಿ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ನಿಯಮ ಐತೆ. ಮೂರು ವರ್ಷ ಇಟ್ಕೊಂಡಿರಬೇಕು. ನಿನ್ನದು ಎರಡೇ ವರ್ಷ. ಸೋಮವಾರ ಹೋಗು."

"ಸೋಮವಾರ ರಜ ಕೊಡಲ್ಲ ಕಣಕ್ಕ."

"ಮಂಗಳವಾರ ಹೋಗು. ಅವತ್ತು ಹಾಲು ಕರೆದು ಎರಡು ಲೋಟ ಎತ್ತಿಟ್ಟು ಆಮೇಲೆ ಡೈರಿಗೆ ಹಾಕು."

"ನಮ್ಮತ್ತೆ ಕೇಳಿದ್ರೆ?"

"ನಾನು ಹೇಳ್ದೆ ಅನ್ನು. ಅವರಿಗೂ ಒಂದು ಲೋಟ ಕೊಡು."