ಬಿರುದಿನ ಭೂಪ

‘ತಲಕಾಡುಗೊಂಡ’ ಎನಿಸಿಕೊಳ್ಳಲು ಹೊಯ್ಸಳ ವಿಷ್ಣುವರ್ಧನ ಚೋಳರ ಸೇನೆಯನ್ನೇ ಓಡಿಸಬೇಕಾಯಿತು. ಕೆ.ಆರ್. ಪುರದ ಬಿರುದಿನ ಭೂಪನಿಗೆ ಅಷ್ಟು ತಾಪತ್ರಯವಿಲ್ಲ. ಬೆಳಿಗ್ಗೆ ಮೆಟ್ರೋ ಹತ್ತಿ, ಎರಡು ಬೋಗಿ ಕೂಡುವ ಕಡೆ ಬೆನ್ನು ಆನಿಸಿ ನಿಂತರೆ, ಇಂದಿರಾನಗರ ಬರುವಷ್ಟರಲ್ಲಿ ಒಂದು ಮಿಷನ್ ಮುಗಿದಿರುತ್ತದೆ. ಮುಂದೆ ರೈಲು ಸುರಂಗಕ್ಕಿಳಿದು ಸಿಗ್ನಲ್ ತಡವರಿಸಿತೋ, ಅವನ ಮುಖ ನೋಡುವ ಹಾಗಿಲ್ಲ.

ಅವನ ಅಖಾಡ ಬಿಜಿಎಂಐ ಎಂಬ ಮೊಬೈಲ್ ಆಟ. ನೂರು ಜನ ಪ್ಯಾರಾಚೂಟಿನಿಂದ ದ್ವೀಪಕ್ಕಿಳಿದು, ಕೋವಿ ಕಾರು ಹುಡುಕಿಕೊಂಡು, ಒಬ್ಬರನ್ನೊಬ್ಬರು ಹೊಡೆದುಹಾಕಿ ಕೊನೆಗೆ ಉಳಿದ ತಂಡ ಗೆದ್ದಂತೆ. ಭೂಪನ ದೃಷ್ಟಿಯಲ್ಲಿ ಗೆಲ್ಲುವುದು ಸಾಮಾನ್ಯರ ಚಟ. ಅವನು ಇಳಿಯುವುದು ಪಟ್ಟಿ ಹಿಡಿದು, ರಸೆಲ್ ಮಾರ್ಕೆಟ್ಟಿಗೆ ಚೀಟಿ ಹಿಡಿದು ಹೋದವರ ಹಾಗೆ: ಇಷ್ಟು ದೂರ ಗಾಡಿ ಓಡಿಸಬೇಕು, ಇಷ್ಟು ಬ್ಯಾಂಡೇಜ್ ಸುತ್ತಿಕೊಳ್ಳಬೇಕು. ಸುತ್ತ ಗುಂಡು ಹಾರುತ್ತಿದ್ದರೂ ಚೀಟಿಯಲ್ಲಿ ಇಲ್ಲದ್ದನ್ನು ಮುಟ್ಟುವುದಿಲ್ಲ. ಪಟ್ಟಿ ಮುಗಿಸಿ ಗಳಿಸಿದ ಬಿರುದಿನ ಸ್ಕ್ರೀನ್‌ಶಾಟನ್ನು ಮದುವೆಮನೆಯಲ್ಲಿ ಪಲ್ಯ ಬಡಿಸುವಾಗ ತೋರಿಸುತ್ತಾನೆ. ಪ್ರತಿ ಸೀಸನ್ ಮುಗಿದಾಗ ಗಳಿಸಿದ ಶ್ರೇಣಿ ಕೆಳಗಿಳಿದರೆ ಎರಡು ದಿನ ಸೂತಕ, ಮೂರನೆಯ ದಿನ ಮತ್ತೆ ಪಟ್ಟಿ.

ಈ ಪಟ್ಟಿಯ ಹುಚ್ಚಿನ ಫಲ ಉಂಡವರಲ್ಲಿ ಹಲಸೂರಿನ ಈ ಲೇಖಕನೂ ಒಬ್ಬ. ನಾಲ್ವರ ತಂಡದಲ್ಲಿ ಇನ್ನಿಬ್ಬರು ಇಂದಿರಾನಗರ, ಶಿವಾಜಿನಗರದವರು. ಹೊತ್ತು ರಾತ್ರಿ ಹನ್ನೊಂದರ ಮೇಲೆ. ಒಂದು ವಾರ ಚೀಟಿಯಲ್ಲಿದ್ದದ್ದು ರಿವೈವ್. ಅಂದರೆ ಪೆಟ್ಟು ತಿಂದು ನೆಲದಲ್ಲಿ ತೆವಳುತ್ತಿರುವ ಜೊತೆಗಾರನ ಪಕ್ಕ ಹತ್ತು ಸೆಕೆಂಡಿನಷ್ಟು ಹೊತ್ತು ಮಂಡಿಯೂರಿ ಅವನನ್ನು ಎಬ್ಬಿಸುವುದು. ಅಲ್ಲಿಯವರೆಗೆ ಯಾರು ಬಿದ್ದರೂ ತಿರುಗಿ ನೋಡದಿದ್ದ ಭೂಪ ಅಂದು ಸಾಕ್ಷಾತ್ ನೈಟಿಂಗೇಲಮ್ಮ. ಗ್ರಹಚಾರಕ್ಕೆ ಅಂದು ಯಾರೂ ಬೀಳುತ್ತಿಲ್ಲ.

“ಮಗಾ, ಆ ತಾರಸಿ ಮೇಲಿಂದ ಸ್ವಲ್ಪ ಹಾರ್ತೀಯಾ?” ಉಪ್ಪಿನ ಡಬ್ಬಿ ಈ ಕಡೆ ಕೊಡು ಅನ್ನುವಷ್ಟೇ ಮೆತ್ತಗೆ ಇಯರ್‌ಫೋನಿನಲ್ಲಿ ಬಂತು.

“ಯಾಕೋ?”

“ಮೂರು ರಿವೈವ್ ಬಾಕಿ ಕಣೋ. ಕೆಳಗೇ ಇದೀನಿ, ಎತ್ಕೋತೀನಿ.”

ಸ್ನೇಹಕ್ಕೆ ಕಟ್ಟುಬಿದ್ದು ಲೇಖಕ ಹಾರಿದ, ಬಿದ್ದ, ಎದ್ದ. ಎದ್ದವನಿಗೆ ಆಟ ಕೊಡುವ ಜೀವ ಒಂದು ಚಿಟಿಕೆಯಷ್ಟೇ ಆದ್ದರಿಂದ ಎರಡನೆಯ ಸಲ ತಾರಸಿಯೂ ಬೇಕಾಗಲಿಲ್ಲ, ಮೊದಲ ಮಹಡಿಯ ಕಿಟಕಿಯೇ ಸಾಕಾಯಿತು. ಮೂರನೆಯ ಸಲ ಮೆಟ್ಟಿಲು ಹತ್ತುವಾಗ, ಎದುರಿನ ಗುಡ್ಡದಲ್ಲಿ ಅಡಗಿ ಈ ಸರ್ಕಸ್ಸು ನೋಡುತ್ತಿದ್ದ ತಂಡಕ್ಕೆ ಸಹನೆ ಮೀರಿರಬೇಕು. ಒಂದೇ ನಿಮಿಷದಲ್ಲಿ ನಾಲ್ವರೂ ಖಲಾಸ್. ಶಿವಾಜಿನಗರದವನು ಭೂಪನ ಮೂರು ತಲೆಮಾರನ್ನು ದಖನಿಯಲ್ಲಿ ವಿಚಾರಿಸಿಕೊಂಡ. ಭೂಪ ಅಂದದ್ದು ಇಷ್ಟೇ: “ಎರಡು ಆಯ್ತಲ್ಲ, ಬಿಡು.”

ಈ ಬಿರುದಿನ ಚಟ ಇವನಿಂದ ಶುರುವಾದದ್ದಲ್ಲ. 1980ರ ದಶಕದ ಆರಂಭದಲ್ಲೇ ಆಕ್ಟಿವಿಷನ್ ಕಂಪನಿ, ‘ಪಿಟ್‌ಫಾಲ್’ ಆಟದಲ್ಲಿ 20,000 ಅಂಕ ಗಳಿಸಿ ಟಿ.ವಿ. ಪರದೆಯ ಫೋಟೋ ತೆಗೆದು ಅಂಚೆಗೆ ಹಾಕಿದವರಿಗೆ ಬಟ್ಟೆಯ ಬಿಲ್ಲೆ ಕಳಿಸುತ್ತಿತ್ತು. 2005ರಲ್ಲಿ ಎಕ್ಸ್‌ಬಾಕ್ಸ್ 360 ಎಲ್ಲ ಆಟಗಳ ಸಾಧನೆಗೂ ಒಂದೇ ಖಾತೆಪುಸ್ತಕ ತೆರೆದ ಮೇಲೆ ಅಂಚೆಯ ಖರ್ಚೂ ಉಳಿಯಿತು. ಒಬ್ಬನೇ ಆಡುವಾಗ ಇದರಿಂದ ಯಾರ ಗಂಟೂ ಹೋಗುವುದಿಲ್ಲ. ಫಜೀತಿ ಇರುವುದು ಜೊತೆಯಾಟದಲ್ಲಿ. 2008ರಲ್ಲಿ ‘ಟೀಮ್ ಫೋರ್ಟ್ರೆಸ್ 2’ ವೈದ್ಯನ ಪಾತ್ರಕ್ಕೆ ಹೊಸ ಸಾಧನೆಗಳನ್ನೂ ಗಳಿಸಿದವರಿಗೆ ಹೊಸ ಆಯುಧಗಳನ್ನೂ ಇಟ್ಟದ್ದೇ ತಡ, ತಂಡದ ತುಂಬ ಡಾಕ್ಟರುಗಳೇ, ರೋಗಿಯಾಗಲು ಜನವಿಲ್ಲ. ಸಾಧನೆ ಗಿಟ್ಟಿಸಲೆಂದೇ ಬೇರೆ ಸರ್ವರುಗಳು ಹುಟ್ಟಿಕೊಂಡವು. ಅಲ್ಲಿ ಶತ್ರುಗಳೇ ಸಹಕಾರ ಸಂಘ ಮಾಡಿಕೊಂಡು ಒಬ್ಬರಿಗಾಗಿ ಒಬ್ಬರು ಸಾಯುತ್ತಿದ್ದರು.

ಇಂಥ ಬಹುಮಾನದ ಆಸೆ ಏನು ಮಾಡುತ್ತದೆಂದು ನೋಡಲು ನಡೆಸಿದ ಒಂದು ಪ್ರಯೋಗದ ಫಲಿತಾಂಶವನ್ನು ಅಮೆರಿಕದ ಮನಃಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದರು. ಚಿತ್ರ ಬರೆದರೆ ರಿಬ್ಬನ್ ಅಂಟಿಸಿದ ಪ್ರಶಸ್ತಿಪತ್ರ ಸಿಗುತ್ತದೆಂದು ಮೊದಲೇ ಆಸೆ ಹುಟ್ಟಿಸಿದ ಶಿಶುವಿಹಾರದ ಮಕ್ಕಳು ಆಮೇಲೆ ತಾವಾಗಿ ಚಿತ್ರ ಬರೆಯುವುದನ್ನು ಕಡಿಮೆ ಮಾಡಿದ್ದರು. ಹೇಳದೆ ಕೇಳದೆ ಪತ್ರ ಪಡೆದ ಮಕ್ಕಳ ಉತ್ಸಾಹ ಕುಗ್ಗಿರಲಿಲ್ಲ. ಇದನ್ನು ವಿವರಿಸಿದಾಗ ಭೂಪ ಗಂಭೀರವಾಗಿ ಕೇಳಿದ: “ರಿಬ್ಬನ್ ಯಾವ ಬಣ್ಣ?”

ಬಿರುದನ್ನು ಹೀಗೆ ಮೆರೆಸದವರೂ ಇದ್ದಾರೆ. ಹಲಸೂರು ಕೆರೆಯ ಹತ್ತಿರ ಸೇನೆಯ ಮದ್ರಾಸ್ ಸ್ಯಾಪರ್ಸ್ ಕೇಂದ್ರವಿದೆ. ಅಲ್ಲಿಂದ ನಿವೃತ್ತರಾದ ನೆರೆಮನೆಯ ಅಜ್ಜನ ಪದಕಗಳು ಬಿಸ್ಕತ್ತಿನ ಡಬ್ಬಿಯಲ್ಲಿ ಸೂಜಿ, ಗುಂಡಿಗಳ ಜೊತೆ ಬಿದ್ದಿವೆ. ಹೊರಬರುವುದು ಜನವರಿ 26ಕ್ಕೆ. ಯಾವುದು ಯಾತಕ್ಕೆ ಬಂತೆಂದು ಕೇಳಿದರೆ ಅಜ್ಜ ಮಳೆಯ ಸಮಾಚಾರ ಎತ್ತುತ್ತಾರೆ. ಉಪದೇಶದ ವಾಸನೆ ಬರುತ್ತಿರುವುದು ಲೇಖಕನ ಮೂಗಿಗೂ ಬಡಿದಿದೆ. ನಡಿಗೆಯ ಆ್ಯಪ್‌ನಲ್ಲಿ 10,000 ಹೆಜ್ಜೆ ತುಂಬಿಸಲು ನಡುರಾತ್ರಿ ಅಡುಗೆಮನೆಯಿಂದ ವರಾಂಡಕ್ಕೂ ವರಾಂಡದಿಂದ ಅಡುಗೆಮನೆಗೂ ತಿರುಗಿ ಅಮ್ಮನ ನಿದ್ದೆ ಕೆಡಿಸಿದವನು ಅವನೇ.

ಭೂಪನ ಬಿರುದುಗಳಿಗೂ ಒಮ್ಮೆ ಗಂಡಾಂತರ ಬಂದಿತ್ತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಅಕ್ಟೋಬರ್ ಕೊನೆಗೆ ಆಟ ಪೂರ್ತಿ ನಿಂತಿತು. ಅದರ ಭಾರತೀಯ ರೂಪವಾಗಿ ಬಿಜಿಎಂಐ ಬಂದದ್ದು 2021ರ ಜುಲೈನಲ್ಲಿ. ಹಳೆಯ ಖಾತೆಯ ಸರಕು ಸಾಗಿಸಲು ಅವಕಾಶವಿದ್ದುದರಿಂದ ಭೂಪ ತನ್ನ ಬಿರುದುಗಳನ್ನು ಅಜ್ಜಿಯ ಕಾಲದ ಹಿತ್ತಾಳೆ ಪಾತ್ರೆಗಳಂತೆ ಜೋಪಾನವಾಗಿ ತಂದಿಟ್ಟುಕೊಂಡ. ನಡುವಿನ ಆ ಎಂಟು ತಿಂಗಳಲ್ಲಿ ನಾಲ್ವರೂ ಮಾತಾಡಿದ್ದು ಎರಡು ಸಲ. ಎರಡೂ ಹಬ್ಬದ ಶುಭಾಶಯ, ಅದೂ ಫಾರ್ವರ್ಡ್ ಮಾಡಿದ್ದು.

ಈಗ ಇಂದಿರಾನಗರದವನು ಪುಣೆಯಲ್ಲಿದ್ದಾನೆ. ಶಿವಾಜಿನಗರದವನಿಗೆ ಮಗುವಾಗಿದೆ. ಭೂಪ ಮಾತ್ರ ವಾರಕ್ಕೊಮ್ಮೆ ತಪ್ಪದೆ ಗ್ರೂಪಿನಲ್ಲಿ ಬರೆಯುತ್ತಾನೆ. ಚೆನ್ನಾಗಿದ್ದೀರಾ, ಊಟ ಆಯ್ತಾ, ಅದೆಲ್ಲ ಇಲ್ಲ. ಕಳೆದ ಶುಕ್ರವಾರ ರಾತ್ರಿ ಹನ್ನೊಂದೂ ನಲವತ್ತಕ್ಕೆ ಬಂದದ್ದೂ ಅಷ್ಟೇ: “ಎರಡು ರಿವೈವ್ ಬಾಕಿ.”

ಪುಣೆಯವನು ಹಾಜರಾದ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡವನು ಬೈಗುಳವನ್ನೂ ಪಿಸುಮಾತಿನಲ್ಲೇ ಮುಗಿಸಿದ. ಅಮ್ಮನ ಕೋಣೆಯ ದೀಪ ಆರಿದೆಯೇ ಎಂದು ಇಣುಕಿ ನೋಡಿ, ಲೇಖಕ ಮೈಕ್ ಆನ್ ಮಾಡಿದ.

“ಯಾವ ತಾರಸಿ, ಹೇಳು.”